ಮೂರು ಅಂಕದ ಪ್ರಶ್ನೆ

ಪಾಠ ಹದಿನಾಲ್ಕು. ಜನರು ಪ್ರವಾಸ ಕೈಗೊಳ್ಳಲು ಕಾರಣಗಳೇನು?
ಪುಸ್ತಕದಲ್ಲಿ ನಾಲ್ಕಿವೆ. ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದೆ:
ನಿಸರ್ಗ, ಇತಿಹಾಸ, ಭಕ್ತಿ, ವ್ಯಾಪಾರ.
ನವನಗರದ ಬಿಸಿಲು ಕಿಟಕಿಯ ಸರಳು ದಾಟಿ
ವ್ಯಾಪಾರದ ಮನೆಯ ಮೇಲೆ ಬಿದ್ದಿತ್ತು.

"ಬದಾಮಿಗೆ ಯಾಕ ಹೋಗತಾರ ಮಂದಿ?"
"ಮಂಗ್ಯಾ ನೋಡಾಕ್ರಿ ಅಕ್ಕಾರ!"
ಬಂಡೆ ಕೊರೆದವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ,
ನಿಸರ್ಗದ ಮನೆಯೊಳಗೆ ಒಂದು ಮಂಗ ಬಿಡಿಸಿದೆ, ಬಾಲದ ಸಮೇತ.
ಗೋಕಾಕಕ್ಕೆ? ಕರದಂಟಿಗೆ. ಫಾಲ್ಸು ಆಮೇಲೆ.
ಆಲಮಟ್ಟಿಗೆ? ಅಲ್ಲಿಯ ಗಾರ್ಡನ್ನಿನಲ್ಲಿ
ರಾಜೇಸಾಬನ ಕಾಕಾ ಐಸ್‌ಕ್ರೀಮ್ ಮಾರುತ್ತಾನೆ, ಅದಕ್ಕೆ.
ಕಡೆಯ ಬೆಂಚಿನ ಭೀಮಶಿ ಎದ್ದು ನಿಂತ:
"ಗೋಳಗುಮ್ಮಟಕ್ಕ ಒದರಾಕ ಹೋಗತಾರ್ರಿ.
ಒಮ್ಮೆ ಒದರಿದ್ರ ಏಳು ಸಲ ಓ ಅಂತೈತಿ.
ನಮ್ಮ ಮನ್ಯಾಗ ಏಳು ಸಲ ಒದರಿದ್ರೂ
ಒಬ್ರೂ ಓ ಅನ್ನಂಗಿಲ್ರಿ."
ತರಗತಿ ನಕ್ಕಿತು. ಅವನು ನಗಲಿಲ್ಲ.
ಇತಿಹಾಸದ ಮನೆಯ ಮುಂದೆ ಸೀಮೆಸುಣ್ಣ ತಡೆದು ನಿಂತಿತು.

ಆಗ ತಂಗೆವ್ವ, ಕೈ ಎತ್ತದೆಯೇ:
"ನಾವು ವರ್ಷಾ ಮೇ ತಿಂಗಳದಾಗ ಹಿನ್ನೀರಿಗೆ ಹೋಗತೀವ್ರಿ.
ನೀರು ಇಳದಿರತೈತಿ. ಹಳೇ ಕರಿಕಟ್ಟಿ ಕಾಣತೈತಿ."
"ಏನೈತಿ ಅಲ್ಲಿ?"
"ಏನಿಲ್ರಿ. ರಾಡಿ."

ಟಂಟಂ ಮಾಡಿಕೊಂಡು ಹೋಗುತ್ತಾರಂತೆ, ಹನ್ನೆರಡು ಮಂದಿ,
ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಕೊಡ ಮಜ್ಜಿಗೆ.
ಒಡೆದ ಬಾವಿಯ ಕಲ್ಲಿನಿಂದ ಅಪ್ಪ ಹೆಜ್ಜೆ ಎಣಿಸುತ್ತಾನೆ,
ಇಪ್ಪತ್ತೆರಡಕ್ಕೆ ನಿಂತು, "ಇದು ನೋಡ್ರಿ ಅಡಗಿ ಮನಿ."
ದೊಡ್ಡಪ್ಪ ಒಪ್ಪುವುದಿಲ್ಲ: "ಇದು ದೇಸಾಯರ ದನದ ಕೊಟ್ಟಗಿ.
ಆವಾಗ ನಿನ್ನ ಹೆಜ್ಜಿ ಸಣ್ಣವಿದ್ದೂ, ಈಗ ದೊಡ್ಡವಾಗ್ಯಾವ."
ವರ್ಷಾ ಅದೇ ಜಗಳ. ಮುಗಿಯುವತನಕ ಹಸಿವು ಕಾಯಬೇಕು.
ಆಮೇಲೆ ಗೋಡೆಯಿಲ್ಲದ ಅಡುಗೆಮನೆಯಲ್ಲಿ
ದುಂಡಗೆ ಕೂತು ಎಲ್ಲರೂ ಉಣ್ಣುತ್ತಾರೆ.
"ಒಳಗ ಹೋಗಬೇಕಾದ್ರ ಚಪ್ಪಲಿ ಬಿಡಬೇಕ್ರಿ.
ಒಮ್ಮೆ ಬಿಡಲಿಲ್ಲಂತ ಅತ್ತಿ ನನ್ನ ಬಡದ್ಲು."
"ಆ ಮನ್ಯಾಗ ನೀ ಇದ್ದೇನು?"
"ನಾ ಎಲ್ಲಿ ಹುಟ್ಟೀನ್ರಿ ಆವಾಗ!
ನಮ್ಮಪ್ಪನ ಐದನೇತ್ತಾ ಇದ್ದನಂತ."

ನಾಲ್ಕೂ ಮನೆ ನೋಡಿದೆ.
ನಿಸರ್ಗವಲ್ಲ. ಇತಿಹಾಸವೆನ್ನೋಣವೆಂದರೆ
ರಾಜನಿಲ್ಲ, ಫಲಕವಿಲ್ಲ, ಟಿಕೀಟು ಹರಿಯುವವನೂ ಇಲ್ಲ.
ಭಕ್ತಿ ಎನ್ನಲೇ, ಚಪ್ಪಲಿ ಬಿಡುತ್ತಾರಲ್ಲ?
ವ್ಯಾಪಾರ ಎಂದೋ ಮುಗಿದಿದೆ, ಪರಿಹಾರದ ಚೆಕ್ಕಿನ ಜೊತೆಗೆ.
"ಪರೀಕ್ಷಾದಾಗ ಬಂದ್ರ ಏನ ಬರೀಬೇಕ್ರಿ?"
ರಾಜೇಸಾಬನಿಗೆ ಮೂರು ಅಂಕದ ಚಿಂತೆ.
"ಪುಸ್ತಕದಾಗ ಇದ್ದದ್ದ ಬರಿ," ಎಂದೆ.
ಅಂದ ನಾಲಿಗೆಗೆ ಸುಣ್ಣದ ರುಚಿ ಹತ್ತಿತು.

ನಾನು ಸವದತ್ತಿ ಕಡೆಯವಳು.
ಶನಿವಾರ ಮುಂಜಾನೆಯ ಶಾಲೆ ಬಿಟ್ಟಮೇಲೆ
ಸ್ಟೇಷನ್ನಿಗೆ ಹೋಗಿ, ಅರ್ಧ ಕಪ್ಪು ಚಹಾ ಕುಡಿದು,
ಸೊಲ್ಲಾಪುರದ ಗಾಡಿ ಬಂದು ಹೋಗುವುದನ್ನು ನೋಡಿ ಬರುತ್ತೇನೆ.
ಅದರಲ್ಲಿ ನನ್ನವರು ಯಾರೂ ಇಳಿಯುವುದಿಲ್ಲ, ಹತ್ತುವುದೂ ಇಲ್ಲ.
ಚಹಾದವನು ಒಮ್ಮೆ ಕೇಳಿದ್ದ, "ಯಾರ ಬರಾವ್ರಿದ್ದಾರ ಬಾಯಾರ?"
ಗಾಡಿ ಲೇಟು ಅಂದಿದ್ದೆ.
ಇದನ್ನು ಮಕ್ಕಳಿಗೆ ಹೇಳಲಿಲ್ಲ.

ಗಂಟೆ ಹೊಡೆಯಿತು. ಸಾರಿನ ವಾಸನೆಗೆ ಸಾಲು ಮುರಿದು
ತಟ್ಟೆಗಳು ಅಂಗಳಕ್ಕೆ ಓಡಿದವು.
ಬೋರ್ಡು ಒರೆಸಿದೆ. ಮಂಗನ ಬಾಲ ಮಾತ್ರ ಉಳಿಯಿತು.
ತಿರುಗಿದರೆ ಭೀಮಶಿ ಇನ್ನೂ ಒಳಗೇ ಇದ್ದಾನೆ,
ತಟ್ಟೆ ಕಂಕುಳಲ್ಲಿ,
ಬಾಗಿಲಿನಿಂದ ಹೊರಟು ತನ್ನ ಬೆಂಚಿನ ಕಡೆಗೆ
ಬೆರಳಿಗೆ ಹಿಮ್ಮಡ ತಾಗಿಸಿ ತಾಗಿಸಿ ನಡೆಯುತ್ತ,
ತುಟಿಯೊಳಗೇ ಏನೋ ಎಣಿಸುತ್ತ.
"ಎಷ್ಟಾತೋ?" ಎಂದೆ.
"ತಡೀರಿ ಅಕ್ಕಾರ,
ಲೆಕ್ಕಾ ತಪ್ಪತೈತಿ."