ಆಯನೂರಿನಲ್ಲಿ ಎರಡು ನಿಮಿಷ

ಶಿವಮೊಗ್ಗ ಬಿಟ್ಟ ಬಸ್ಸು ಆಯನೂರಲ್ಲಿ ನಿಲ್ಲುವುದು
ಡ್ರೈವರಿನ ಚಹಾ ಆರುವಷ್ಟು ಹೊತ್ತು.
ಅಷ್ಟರಲ್ಲೇ ಬರೆಯಬೇಕು, ಟಿಕೆಟ್ಟಿನ ಬೆನ್ನ ಮೇಲೆ,
ಸೌತೆಕಾಯಿ ಸೀಳುವ ಜುಲೇಖಾಬಿಯನ್ನು.

ಮೊದಲ ತಿಂಗಳು ಅವಳ ಬೆರಳೆಲ್ಲ ಬೆಂಡೆಕಾಯಿ,
ಮೊಣಕೈ ಇರಬೇಕಾದಲ್ಲಿ ಇಂಜಿನ್ನಿನ ನಡುಕ.
ರಬ್ಬರು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ, ಬೇಕೆಂದೇ.

ಶ್ರಾವಣದ ಹೊತ್ತಿಗೆ ಕಣ್ಣಿಗೆ ಗೊತ್ತಾಯಿತು:
ಚಾಕು ಹೋಗಿಬರುವ ದಾರಿ ಸಿಕ್ಕರೆ
ಕೈ ಹಿಂದೆಯೇ ಬರುತ್ತದೆ;
ಚಿಲ್ಲರೆಗೆ ಬಾಗುವ ಕತ್ತು ಸಿಕ್ಕರೆ
ಮುಖ ಬೇಡವೇ ಬೇಡ.

ನಿನ್ನೆ ಒಂದೇ ಗೆರೆ
ಹೆಗಲಿಂದ ಬುಟ್ಟಿಯವರೆಗೆ ಸರ್ರನೆ ಇಳಿಯಿತು.
ತಡೆಯಲಾರದೆ ಕಿಟಕಿಯಿಂದ ತೋರಿಸಿದೆ.
ಉಪ್ಪು ಖಾರದ ಕೈ ಸೆರಗಿಗೆ ಒರೆಸಿ,
ಟಿಕೆಟ್ಟು ದೂರ ಹಿಡಿದು ನೋಡಿದಳು:
"ನನ್ನ ವಾಲೆ ಎಲ್ಲೋಯ್ತು ಮೇಷ್ಟ್ರೇ?"

ಕಂಡಕ್ಟರ್ ಸೀಟಿ ಊದಿದ.
ವಾಲೆ ನಾಳೆಗೆ.