ವಾರ್ಡೆಲ್‌ನ ಕೆಮ್ಮು

ಡೆಟ್ರಾಯಿಟ್‌ನ ಪೂರ್ವದಂಚು. ಮುಚ್ಚಿದ ಟೈರಂಗಡಿಯ ನೆಲಮಾಳಿಗೆ.
ಹಳೇ ಹೀಟರು ನಿಮಿಷಕ್ಕೆ ಮೂರು ಸಲ ಬಿಕ್ಕುತ್ತದೆ.
ಸಂಬಳವಿಲ್ಲದ ಡ್ರಮ್ಮರು ಅದು, ಅನ್ನುತ್ತಾನೆ ಲೂಶಿಯಸ್ ಮಾವ.

ಮಾವನ ಯಂತ್ರಕ್ಕೆ ನನಗಿಂತ ವಯಸ್ಸು ಜಾಸ್ತಿ.
ಹದಿನಾರು ರಬ್ಬರು ಗುಂಡಿ, ಎರಡು ಸತ್ತಿವೆ.
ನೆನಪೋ, ಬರೀ ಹತ್ತು ಸೆಕೆಂಡು.
ಅದಕ್ಕೇ ಮೂವತ್ತಮೂರರ ತಟ್ಟೆಯನ್ನು ನಲವತ್ತೈದಕ್ಕೆ ಓಡಿಸಿ
ಹಾಡು ಇಲಿಮರಿಯಂತೆ ಕಿಚಗುಟ್ಟುವಾಗ
ಗಬಕ್ಕನೆ ಹಿಡಿದು ಒಳಗೆ ಹಾಕಿ
ಆಮೇಲೆ ಇಳಿಸುತ್ತಾನೆ, ನಿಧಾನ, ಇನ್ನೂ ನಿಧಾನ.
ದನಿಗೆ ಮರಳು ಮರಳಾದ ಅಂಚು ಬರುತ್ತದೆ,
ತಳ ಹಿಡಿದ ಗಂಜಿಯ ರುಚಿ.
"ಬಡವರ ಉಪಾಯ ಕಣೇ. ಈಗ ಇದಕ್ಕೆ ಸ್ಟೈಲು ಅಂತಾರೆ."

ಅವನ ಮಗ ಟವಾರಿಸ್‌ಗೆ ಧೂಳು ಆಗದು.
ತೊಡೆಯ ಮೇಲೆ ಲ್ಯಾಪ್‌ಟಾಪು, ಪರದೆ ತುಂಬ ಮನೆಗಳು,
ಚೌಕಾಬಾರದ ಕಾಯಿ ನಡೆಸಿದ ಹಾಗೆ
ಇಲ್ಲೊಂದು ಕಿಕ್ಕು, ಅಲ್ಲೊಂದು ಸ್ನೇರು.
ಹೈಹ್ಯಾಟನ್ನು ಸಣ್ಣಗೆ ಕೊಚ್ಚಿ
ಕಾದ ಎಣ್ಣೆಗೆ ಬಿದ್ದ ಸಾಸಿವೆಯಾಗಿಸುತ್ತಾನೆ.
ದಿನಕ್ಕೆ ಆರು ಬೀಟು. ಮುಖ ಕಾಣದವರಿಗೆ ಮಾರಾಟ:
ಓಸ್ಲೋದಲ್ಲಿ ಯಾರೋ, ಲಾಗೋಸಿನಲ್ಲಿ ಯಾರೋ
ಅವನ ಬಾಸಿನ ಮೇಲೆ ತಮ್ಮ ಸಿಟ್ಟು ಸುರಿಯುತ್ತಾರೆ.
ನಗಬೇಡಿ. ಇಲ್ಲಿಯ ಬಾಡಿಗೆ ಕಟ್ಟುವವನು ಅವನು.

ನಾನು ಹತ್ತು ತಾಸು ಸಿಟಿ ಬಸ್ಸು ಓಡಿಸಿ
ಫೋನಿನಲ್ಲಿ ಕದ್ದು ತರುತ್ತೇನೆ:
ಬಾಗಿಲಿನ ನಿಟ್ಟುಸಿರು, ಚಿಲ್ಲರೆ ಡಬ್ಬಿಯ ಗಿಲಕಿ,
ಬೂಟಿನಡಿ ಉಪ್ಪು ಬೆರೆತ ಹಿಮದ ಕರಕರ.
ಮನೆಗಳಲ್ಲಿ ಕಾಯಿ ಇಡಲು ನನಗೆ ಬಾರದು, ಬಡಿಯಲು ಬರುತ್ತದೆ.
ಶಾಲೆಯ ಊಟದ ಮೇಜು ಕಲಿಸಿದ್ದು:
ಮುಷ್ಟಿಗೆ ಒಂದು, ಪೆನ್ನಿಗೆ ಒಂದು,
ಮರ ಎಲ್ಲಿ ಟೊಳ್ಳೋ ಅಲ್ಲಿ ಕಿಕ್ಕು.

ಮೂವರೂ ಕಿತ್ತಾಡದ ಶುಕ್ರವಾರವಿಲ್ಲ.
ಕದ್ದಿದ್ದು, ಕೊಂಡಿದ್ದು, ಬಡಿದಿದ್ದು,
ಯಾವುದು ಸ್ವಂತದ್ದು?
ಪಿಜ್ಜಾ ಆರುತ್ತದೆ, ಮಾತು ಆರುವುದಿಲ್ಲ.

ಜನವರಿಯಲ್ಲಿ ಮಾವ ಒಂದು ತಟ್ಟೆ ತಂದ.
ಬೀಗ ಬಿದ್ದ ಚರ್ಚಿನದು, ನೀರು ಕುಡಿದು ಉಬ್ಬಿದ ಕವಚ,
ಎಪ್ಪತ್ತನಾಲ್ಕರ ಭಜನಾ ಮೇಳ.
ಪಲ್ಲವಿಗೆ ಮುಂಚೆ ಆರ್ಗನ್ನು ಒಂದುಸಿರು ನಿಲ್ಲುತ್ತದೆ.
ಆ ಮೌನದಲ್ಲಿ
ಯಾರೋ ಕೆಮ್ಮುತ್ತಾರೆ.

ಮಾವ ಸೂಜಿ ಎತ್ತಿದ. "ಸ್ನೇರು ಸಿಕ್ಕಿತು."
ಟವಾರಿಸ್ ಅದನ್ನು ಕತ್ತರಿಸಿ, ತೊಳೆದು,
ಎರಡನೆಯದಕ್ಕೆ, ನಾಲ್ಕನೆಯದಕ್ಕೆ ಗೆರೆ ಕೊರೆದಂತೆ ಕೂರಿಸಿದ.
ನಾನು ಕೆಳಗೆ ಬಸ್ಸಿನ ಬಾಗಿಲು ಹಾಸಿದೆ.
ಮೊದಲ ಸಲ ಮೂರು ತಲೆ ಒಟ್ಟಿಗೆ ತೂಗಿದವು.

ಆಗ ಮೆಟ್ಟಿಲಲ್ಲಿ ಕೋಲಿನ ಸದ್ದು.
ಮಹಡಿಯ ಮಿಸ್ ಅರ್ನೆಟ್ಟಾ, ಎಂಬತ್ತೊಂದು,
ಸದ್ದು ಕಡಿಮೆ ಮಾಡಿ ಅನ್ನಲು ಬಂದವರು
ಮೂರನೇ ಮೆಟ್ಟಿಲಲ್ಲೇ ನಿಂತರು.

"ಅದು ವಾರ್ಡೆಲ್."

ಮಂದ್ರದ ಸಾಲು, ಎಡದ ಕೊನೆ,
ಫೌಂಡ್ರಿಯ ಹೊಗೆ ಕುಡಿದ ಎದೆ.
"ಎರಡು ಸಲ ಕೇಳಿದ ನನ್ನನ್ನು. ಎರಡು ಸಲವೂ ಇಲ್ಲ ಅಂದೆ."
ಟೈರಿನ ಮೇಲೆ ಕೂತು ಪೂರ್ತಿ ಕೇಳಿದರು.
ಆಮೇಲೆ ತಲೆಯಾಡಿಸಿದರು, ತಾಳಕ್ಕಲ್ಲ.
"ತಪ್ಪಾಗಿದೆ ಮಕ್ಕಳೇ.
ಅವನು ಒಂದು ದಿನವೂ ಸಮಯಕ್ಕೆ ಬಂದವನಲ್ಲ."

ಟವಾರಿಸ್ ಮೌಸ್ ಹಿಡಿದು
ಕೆಮ್ಮನ್ನು ಗೆರೆಯಿಂದ ಆಚೆಗೆ ಸರಿಸಿದ, ಎಳ್ಳಿನಷ್ಟು.
"ಇನ್ನೂ," ಅಂದರು.
ಇನ್ನೊಂದೆಳ್ಳು.
"ಇನ್ನೂ. ಬಾಗಿಲಲ್ಲಿ ಹ್ಯಾಟು ತೆಗೆಯಬೇಕಲ್ಲ ಅವನು...
ಹಾಂ. ಅಲ್ಲಿ."

ಬೀಟು ಕುಂಟಿತು. ಕುಂಟಿದ್ದೇ ನಡಿಗೆಯಾಯಿತು.
ಯಾರೋ ತಡವಾಗಿ ಬಂದು, ಎಲ್ಲರ ಮೊಣಕಾಲು ದಾಟಿ,
ತನ್ನ ಜಾಗದಲ್ಲಿ ಕೂತ ಹಾಗೆ.

ಓಸ್ಲೋದವನು ಬೆಲೆ ಕೇಳಿ ಬರೆದು ತಿಂಗಳಾಯಿತು.
ಟವಾರಿಸ್ ಇನ್ನೂ ಉತ್ತರಿಸಿಲ್ಲ.
ಬಾಡಿಗೆ ಮಾತ್ರ
ಒಂದನೇ ತಾರೀಖಿಗೆ, ಗೆರೆ ಕೊರೆದಂತೆ, ಬರುತ್ತದೆ.