ಬೆಚ್ಚಗಿನ ಗೋಡೆ

ನಮ್ಮ ಅಡುಗೆಮನೆಗೂ ಮಂಡಕ್ಕಿ ಭಟ್ಟಿಗೂ
ಒಂದೇ ಗೋಡೆ.
ಆ ಕಡೆ ನಸುಕಿಗೇ ಮರಳು ಕಾಯುತ್ತದೆ,
ಈ ಕಡೆ ನನ್ನ ಸಾಸಿವೆ ಡಬ್ಬಿ ಬೆಚ್ಚಗಾಗುತ್ತದೆ.
ದಾವಣಗೆರೆಯ ಮಾಗಿ ಚಳಿಗೆ
ಬಾಡಿಗೆಯವರಿಗೆ ಇದೊಂದು ಲಾಭ ಎಂದಿದ್ದರು ಓನರು.
ಜಿರಳೆಗಳಿಗೂ ಯಾರೋ ಹಾಗೇ ಹೇಳಿರಬೇಕು.

ಬಂದವು. ಒಲೆಯ ಹಿಂದೆ, ಗಡಿಯಾರದ ಬೆನ್ನಿಗೆ,
ರವಿಕೆ ಚೂರುಗಳ ರಟ್ಟಿನ ಪೆಟ್ಟಿಗೆಯೊಳಗೆ.
ಹೊಲಿಗೆ ಮಷೀನಿನ ಖಾನೆಯಲ್ಲಿ
ಬಾಬಿನ್ನುಗಳ ನಡುವೆ ಅವುಗಳ ಮೊಟ್ಟೆಚೀಲ,
ಹುರುಳಿಕಾಳೆಂದು ಕೈಯಲ್ಲಿ ಹಿಡಿದಿದ್ದೆ.
ರೇಷ್ಮೆ ರವಿಕೆಯ ತೋಳಿಂದ ಒಂದು
ಗಿರಾಕಿಯೆದುರೇ ಇಳಿದು ನಡೆದುಹೋಯಿತು,
ಅಳತೆ ಕೊಟ್ಟು ಹೊರಟವರ ಹಾಗೆ.

ಆವತ್ತೇ ಸ್ಪ್ರೇ ತಂದೆ. ಉಸಿರು ಬಿಗಿಹಿಡಿದು ಹೊಡೆದೆ.
ಮೂರು ದಿನ ಅನ್ನಕ್ಕೂ ಅದೇ ವಾಸನೆ.
ಸತ್ತವನ್ನು ಗುಡಿಸಿ ಎಸೆದೆ,
ನಾಲ್ಕನೇ ದಿನ ಅವುಗಳ ಮಕ್ಕಳು ಬಂದವು.
ಆಮೇಲೆ ಚಾಕ್.
ಮಂಡಿಪೇಟೆಯ ಫುಟ್‌ಪಾತಿನಲ್ಲಿ ಹತ್ತಕ್ಕೆ ಎರಡು,
“ಗೀಟು ಎಳೀರಿ, ನಿಶ್ಚಿಂತಿಂದ ಮಲಗ್ರಿ” ಎಂದು ಕೂಗುತ್ತಿದ್ದ.
ಎಳೆದೆ. ಹೊಸ್ತಿಲಿಗೆ, ಸಿಂಕಿನ ಸುತ್ತ, ಅಕ್ಕಿ ಡಬ್ಬಿಯ ಬುಡಕ್ಕೆ.
ಉಳಿದ ತುಂಡನ್ನು ಕಿಟಕಿಯ ಮೇಲಿಟ್ಟೆ.

ಅಷ್ಟೇ ನಾನು ಮಾಡಿದ್ದು. ಕಿಟಕಿಯ ಮೇಲಿಟ್ಟೆ.

ಸಂಪ್ರೀತಿಗೆ ನಾಲ್ಕು ವರ್ಷ.
ಅಂಗನವಾಡಿಯಲ್ಲಿ ಆ ವಾರ ‘ಅ’ ಆಗಿತ್ತು.
ಬಂದು ನೋಡಿದರೆ ಕಡಪಾ ಕಲ್ಲಿನ ತುಂಬ ಅ,
ಹೊಟ್ಟೆ ಊದಿದ ಅ, ಕೊಂಡಿಯಿಲ್ಲದ ಅ,
ತಪ್ಪಿದ್ದನ್ನೆಲ್ಲ ಉಗುಳು ಹಚ್ಚಿ
ಬೆರಳಲ್ಲಿ ಅಳಿಸಿ, ಬೆರಳು ಮತ್ತೆ ನಾಲಿಗೆಗೆ,
ಮತ್ತೆ ಅ.

ಚಿಗಟೇರಿ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನವಳು.
ಬೈಯಲಿಲ್ಲ. “ಡಬ್ಬಿ ತಂದಿದೀರಾ?” ಅಂದಳು.
ಡಬ್ಬಿಯೆಲ್ಲಿ? ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟದ್ದು.
ಹೆಸರಿಲ್ಲದ ವಿಷವನ್ನು ಏನೆಂದು ಬರೆಯಲಿ ಎಂದು
ಅವಳ ಪೆನ್ನು ಅರ್ಧ ನಿಮಿಷ ನಿಂತೇ ಇತ್ತು.
ರಾತ್ರಿಯಿಡೀ ಮಗಳು ಬಿಸ್ಕತ್ತು ಕೇಳುತ್ತ
ಆರಾಮಾಗಿಯೇ ಇದ್ದಳು.
ಮಬ್ಬಿನಲ್ಲೂ ಸೂಜಿಗೆ ದಾರ ಪೋಣಿಸುವ ನನ್ನ ಕೈಗೆ
ನೀರಿನ ಲೋಟ ನಿಲ್ಲಲಿಲ್ಲ.

ಮರುದಿನ ಭಟ್ಟಿಯ ಕಡೆಯಿಂದ ಮೆಹರುನ್ನಿಸಾ ಬಂದಳು,
ಕೂದಲಲ್ಲಿ ಹೊಟ್ಟಿನ ಧೂಳು, ಬಾಂಡಲಿಯಲ್ಲಿ ಕಲಸಿದ ಸಿಮೆಂಟು.
“ಅವೇನ್ ನಮ್ ಮ್ಯಾಲಿನ ಸಿಟ್ಟಿಗೆ ಬರಲ್ಲಕ್ಕ,
ನೀರು ಹುಡುಕ್ಕೊಂಡ್ ಬರ್ತಾವ.
ನಿನ್ ನಲ್ಲಿ ತೊಟ್ಟಿಕ್ತೈತಲ್ಲ, ಎಷ್ಟು ದಿನ ಆತು?”
ನಾಚಿಕೆಯಾಯಿತು.
ದೀಪಾವಳಿಯಿಂದ.

ಹತ್ತು ರೂಪಾಯಿಯ ವಾಷರು.
ಗೋಡೆಯ ಬಿರುಕಿಗೆ ಸಿಮೆಂಟು, ಅವಳ ಬೆರಳಚ್ಚಿನ ಸಮೇತ.
ಬಚ್ಚಲ ತೂತಿಗೆ ಜಾಲರಿ.
ರಟ್ಟಿನ ಪೆಟ್ಟಿಗೆಗಳೆಲ್ಲ ಭಟ್ಟಿಯ ಬೆಂಕಿಗೆ ಹೋದವು,
ರವಿಕೆ ಚೂರುಗಳೀಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ.
ಮಲಗುವ ಮುನ್ನ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸುತ್ತೇನೆ,
ಮಗುವಿನ ಹಣೆ ಒರೆಸಿದಷ್ಟೇ ಜೋಪಾನವಾಗಿ.
ಮುಸುರೆ ರಾತ್ರಿಗೆ ಉಳಿಯುವುದಿಲ್ಲ.
ಅಕ್ಕಿಗೆ ಬೇವಿನೆಲೆ, ಬೇಳೆಗೆ ಒಣಮೆಣಸಿನಕಾಯಿ.
ಇದನ್ನು ಅವ್ವ ಎಂದೋ ಹೇಳಿದ್ದಳು,
ಆಗ ಟೀವಿಯ ಜಾಹೀರಾತು ಜೋರಾಗಿತ್ತು.
ಗಡಿಯಾರದ ಹಿಂದಿನ ಹಲ್ಲಿಯನ್ನು ಓಡಿಸುವುದು ಬಿಟ್ಟೆ.
ಇರಲಿ, ಕೆಲಸ ಮಾಡುವ ಬಾಡಿಗೆದಾರ.

ಪೂರ್ತಿ ಹೋದವಾ ಎಂದು ಗಿರಾಕಿಗಳು ಕೇಳುತ್ತಾರೆ.
ಇಲ್ಲ.
ನಿನ್ನೆ ರಾತ್ರಿ ಎರಡಕ್ಕೆ ಎದ್ದು ಲೈಟು ಹಾಕಿದೆ:
ಒಂದೇ ಒಂದು.
ಒಣಗಿದ ಸಿಂಕಿನ ಅಂಚಲ್ಲಿ ಮೀಸೆ ಆಡಿಸುತ್ತ
ನೀರೆಲ್ಲಿ ಎಂದು ನನ್ನನ್ನೇ ಕೇಳುವಂತೆ.
ಚಪ್ಪಲಿ ತೆಗೆದೆ.
ಚಪ್ಪಲಿಗೆ ಹೆಸರಿದೆ, ಏಟಿಗೆ ಲೆಕ್ಕವಿದೆ,
ಬೆಳಗಾದರೆ ಅದರಲ್ಲಿ ಯಾರೂ ಅಕ್ಷರ ಬರೆಯುವುದಿಲ್ಲ.

ಸಂಪ್ರೀತಿ ಈಗ ‘ಈ’ಗೆ ಬಂದಿದ್ದಾಳೆ.
ಹೆಂಚಿನ ಚೂರಲ್ಲಿ ಅಂಗಳದ ತುಂಬ ಕೆಂಪಗೆ ಬರೆಯುತ್ತಾಳೆ.
ಅಂಗನವಾಡಿ ಟೀಚರು ಬಿಳಿ ಬಳಪ ಕೊಟ್ಟರೆ
ಮೊದಲು ನಾನು ಮೂಸಿ ನೋಡುತ್ತೇನೆ.
ಟೀಚರು ನಗುತ್ತಾರೆ.
ನಗಲಿ.